ಸಿಟಿ ಸ್ಕ್ಯಾನ್‌ನಲ್ಲಿ ಎಡ ಯಾವುದು, ಬಲ ಯಾವುದು?

ಫಿಸಿಯೋ_ವಿದ್ಯಾರ್ಥಿ
ಹೊಟ್ಟೆಯ ಅಡ್ಡಸೀಳಿಕೆಯ ಚಿತ್ರದಲ್ಲಿ ಲಿವರ್ ಪರದೆಯ ಎಡಗಡೆ ಕಾಣುತ್ತದೆ. ಲಿವರ್ ಇರುವುದು ಬಲಗಡೆ ಅಲ್ವಾ? ಸುಮ್ನೆ "ಉಲ್ಟಾ" ಅಂತ ನೆನಪಿಟ್ಟುಕೊಳ್ಳಬಹುದು, ಆದರೆ ಮೆದುಳಿನ ಸ್ಲೈಸ್ ಬಂದರೆ ಎರಡೂ ಕಡೆ ಒಂದೇ ಥರ, ಅಲ್ಲಿ ಏನು ಹಿಡಿದು ಹೇಳುವುದು? ಯಾಕೆ ಹಾಗೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಸ್ಕ್ಯಾನ್_ಕೋಣೆ
ಅದು ಕನ್ನಡಿ ಬಿಂಬ ಅಲ್ಲ. ರೋಗಿ ಅಂಗಾತ ಮಲಗಿದ್ದಾರೆ, ನೀವು ಅವರ ಪಾದದ ಹತ್ತಿರ ನಿಂತು ತಲೆಯ ಕಡೆ ನೋಡುತ್ತಿದ್ದೀರಿ ಅಂದುಕೊಳ್ಳಿ. ಹೊಟ್ಟೆ ಮೇಲೆ, ಬೆನ್ನು ಕೆಳಗೆ, ಅವರ ಬಲಗೈ ನಿಮ್ಮ ಎಡಕ್ಕೆ. ಅಷ್ಟೇ. ಎದೆಯ ಎಕ್ಸ್‌ರೇ ನೋಡುವಾಗಲೂ ರೋಗಿ ನಿಮ್ಮ ಎದುರಿಗೆ ನಿಂತಿದ್ದಾರೆ, ಹಾಗಾಗಿ ಹೃದಯದ ತುದಿ ನಿಮ್ಮ ಬಲಕ್ಕೆ ಚಾಚಿರುತ್ತದೆ. ರಿಪೋರ್ಟಿನಲ್ಲಿ "ಬಲ" ಅಂದರೆ ಯಾವಾಗಲೂ ರೋಗಿಯ ಬಲ, ಪರದೆಯದ್ದಲ್ಲ. ಲಿವರ್ ಇಲ್ಲದ ಕೆಳಗಿನ ಸ್ಲೈಸ್ ಆದರೆ ಬೆನ್ನುಮೂಳೆಯ ಮುಂದೆ ನೋಡಿ: ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳ ಅಯೋರ್ಟಾ ಸ್ವಲ್ಪ ರೋಗಿಯ ಎಡಕ್ಕೆ, ಹೃದಯಕ್ಕೆ ರಕ್ತ ಮರಳಿ ತರುವ ದೊಡ್ಡ ನಾಳ ವೀನಾ ಕೇವಾ ಬಲಕ್ಕೆ. ಅಯೋರ್ಟಾ ಕವಲೊಡೆಯುವವರೆಗೂ ಇದು ಕೆಲಸಕ್ಕೆ ಬರುತ್ತದೆ.

ಮೊದಲು_ಅಕ್ಷರ
ಮೇಲಿನವರು ಹೇಳಿದ್ದು ಸರಿ, ಆದರೆ ಅಂಗ ನೋಡಿ ಎಡಬಲ ತೀರ್ಮಾನ ಮಾಡುವ ಅಭ್ಯಾಸ ದಯವಿಟ್ಟು ಬೇಡ. ಸುಮಾರು 10,000 ಜನರಲ್ಲಿ ಒಬ್ಬರಿಗೆ ಒಳಗಿನ ಅಂಗಗಳೆಲ್ಲ ಹುಟ್ಟಿನಿಂದಲೇ ಅದಲುಬದಲಾಗಿರುತ್ತವೆ. ಲಿವರ್ ಇರುವ ಕಡೆಯೇ ಬಲ ಅಂದುಕೊಂಡರೆ ಅಂಥವರು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲು ಅಂಚಿನಲ್ಲಿರುವ ಆರ್, ಎಲ್ ಅಕ್ಷರ ನೋಡಿ, ಆಮೇಲೆ ಅಂಗಗಳು ಅದಕ್ಕೆ ಹೊಂದುತ್ತವೆಯಾ ನೋಡಿ. ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಸ್ಕ್ಯಾನ್ ಮಾಡಿದವರನ್ನು ಕೇಳಿ, ಯಾಕೆಂದರೆ ಆಪರೇಷನ್ ಯಾವ ಕಡೆ ಅನ್ನುವುದು ಇದರ ಮೇಲೆ ನಿಂತಿರಬಹುದು.

ಇನ್ನೊಂದು, ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದರೆ ಹೊಟ್ಟೆ-ಬೆನ್ನು, ಎಡ-ಬಲ ಎರಡೂ ಒಟ್ಟಿಗೆ ಜಾಗ ಬದಲಿಸುತ್ತವೆ. ಹೊಟ್ಟೆ ಮೇಲೇ ಇದ್ದು ಎಡಬಲ ಮಾತ್ರ ಬದಲಾಗಿದ್ದರೆ ಯಾರೋ ಚಿತ್ರವನ್ನು ಮಗುಚಿದ್ದಾರೆ, ಇಲ್ಲವೇ ತಲೆಯ ಕಡೆಯಿಂದ ನೋಡಿದ ಹಾಗೆ ತೋರಿಸಿದ್ದಾರೆ.

ಮೆದುಳಿನ_ಹುಳು
ನಿಮ್ಮ ಎರಡನೇ ಪ್ರಶ್ನೆಗೆ: ಮೆದುಳಿನಲ್ಲಿ ಕಣ್ಣಳತೆ ನಂಬಲೇಬೇಡಿ. ಎರಡು ಅರ್ಧಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸ ಇದೆ, ಒಬ್ಬರ ಚಿತ್ರ ಹಿಡಿದು ಹೇಳುವಷ್ಟಿಲ್ಲ. ಜೊತೆಗೆ ಇಲ್ಲಿ ಎರಡು ಪದ್ಧತಿ ನಡೆಯುತ್ತಿವೆ. ರೇಡಿಯಾಲಜಿಯವರದ್ದು ಪಾದದ ಕಡೆಯ ನೋಟ. ಮೆದುಳಿನ ಸಂಶೋಧನೆಯಲ್ಲಿ ಎಷ್ಟೋ ಕಡೆ ಮೇಲಿನಿಂದ ನೋಡಿದ ಹಾಗೆ, ಎಡಕ್ಕೆ ಎಡ. ಫೈಲಿನ ಒಳಗೂ ಇದೇ ಕಥೆ, ಆಸ್ಪತ್ರೆಯ ಸ್ಕ್ಯಾನ್ ಫೈಲಿನ ಮಾದರಿ ಡೈಕಾಮ್‌ನಲ್ಲಿ ಜಾಗ ಹೇಳುವ ಅಂಕಿ ರೋಗಿಯ ಎಡಕ್ಕೆ ಹೋದಂತೆ ಏರುತ್ತದೆ, ಸಂಶೋಧನೆಯವರ ಮಾದರಿ ನಿಫ್ಟಿಯಲ್ಲಿ ಬಲಕ್ಕೆ. ಅದಕ್ಕೇ ಕೆಲವರು ಎಂಆರ್‌ಐಗೆ ಮೊದಲು ತಲೆಯ ಒಂದು ಪಕ್ಕಕ್ಕೆ ವಿಟಮಿನ್ ಇ ಮಾತ್ರೆ ಅಂಟಿಸುತ್ತಾರೆ, ಎಣ್ಣೆ ಇರುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಲ್ಯಾಬಿನಲ್ಲಿ ನಿಜವಾದ ಮೆದುಳನ್ನು ಹೋಳು ಮಾಡುವವರು ಒಂದು ಪಕ್ಕಕ್ಕೆ ಮೊದಲೇ ಸೂಜಿಯಿಂದ ತೂತು ಹಾಕಿಟ್ಟುಕೊಳ್ಳುತ್ತಾರೆ. ಹೋಳು ಗಾಜಿನ ಮೇಲೆ ಮಗುಚಿ ಬಿದ್ದರೂ ಗೊತ್ತಾಗಲಿ ಅಂತ.

ಫಿಸಿಯೋ_ವಿದ್ಯಾರ್ಥಿ
ತುಂಬಾ ಥ್ಯಾಂಕ್ಸ್, ಪಾದದ ಹತ್ತಿರ ನಿಂತು ನೋಡುವುದು ಅಂದಾಗಲೇ ಅರ್ಥವಾಯಿತು. ಅಲ್ಟ್ರಾಸೌಂಡ್‌ಗೂ ಇದೇನಾ?

ಸ್ಕ್ಯಾನ್_ಕೋಣೆ
ಅಲ್ಲಿ ಅದು ಪ್ರೋಬ್ (ಮೈಮೇಲೆ ಇಟ್ಟು ನೋಡುವ ಸಾಧನ) ಹಿಡಿದವರ ಕೈಯಲ್ಲಿದೆ. ಹೊಟ್ಟೆಯನ್ನು ಅಡ್ಡಲಾಗಿ ನೋಡುವಾಗ ಪ್ರೋಬ್‌ನ ಗುರುತು ರೋಗಿಯ ಬಲಕ್ಕಿರಬೇಕು, ಆಗ ರೋಗಿಯ ಬಲ ಪರದೆಯ ಎಡಕ್ಕೆ ಬರುತ್ತದೆ. ಹೃದಯದ ಎಕೋದಲ್ಲಿ ಮಾತ್ರ ಸಾಮಾನ್ಯವಾಗಿ ಪರದೆಯ ಗುರುತು ಬಲಗಡೆ ಇರುತ್ತದೆ, ಹಾಗಾಗಿ ಶುರು ಮಾಡುವ ಮೊದಲು ಪ್ರೋಬ್‌ನ ಒಂದು ಅಂಚಿಗೆ ಬೆರಳು ಮುಟ್ಟಿಸಿ, ಪರದೆಯ ಯಾವ ಕಡೆ ಅಲುಗುತ್ತದೆ ನೋಡಿಬಿಡಿ.