ಪದಚರ್ಚೆ: ‘ಜಾತ್ಯತೀತ’ ಗಾಯಕ, ‘ಕವರ್’ ಹಾಡು

ಬಲ್ಲವರಲ್ಲಿ ಒಂದು ವಿಚಾರಣೆ. ರಾಕ್ ಸಂಗೀತಗಾರರು ಹಳೆಯ ಕ್ರೈಸ್ತ ಸ್ತುತಿಗೀತೆಗಳನ್ನು ಎತ್ತಿಕೊಂಡು ಹಾಡಿದ್ದರ ಬಗೆಗಿನ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ‘ಸೆಕ್ಯುಲರ್’ ಎಂದಿದ್ದಲ್ಲಿ ‘ಜಾತ್ಯತೀತ’ ಹಾಕಿ ನೋಡಿದೆ. ಗಿಟಾರ್ ಹಿಡಿದವರು ಚುನಾವಣೆಗೆ ನಿಂತಂತೆ ಕಂಡಿತು. ‘ಲೌಕಿಕ’ ವಾಸಿ, ಆದರೆ ಅದರಲ್ಲಿ ಸ್ವಲ್ಪ ತಿರಸ್ಕಾರವೂ ಬೆರೆತಿದೆ. ಸದ್ಯಕ್ಕೆ ‘ಚರ್ಚಿನ ಹೊರಗಿನ ಗಾಯಕರು’ ಎಂದು ಬಿಡಿಸಿ ಬರೆದಿದ್ದೇನೆ.

ನಿಜವಾದ ತೊಡಕು, ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡುವುದಕ್ಕೆ ಇಂಗ್ಲಿಷಿನಲ್ಲಿರುವ ‘ಕವರ್’ ಎಂಬ ಪದದ್ದು. ನಮ್ಮಲ್ಲಿ ಕವರ್ ಕೇಳಿದರೆ ಅಂಗಡಿಯವನು ಪ್ಲಾಸ್ಟಿಕ್ ಚೀಲ ಕೊಡುತ್ತಾನೆ. ‘ಮರುಸೃಷ್ಟಿ’ ಭಾರವಾಯಿತು, ‘ರೀಮಿಕ್ಸ್’ ಬೇರೆಯೇ ಕಸುಬು. ಮೇಲಾಗಿ ಇವರೆಲ್ಲ ಮಾಡಿದ್ದು ಒಂದೇ ಕೆಲಸವಲ್ಲ. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡ 1973ರಲ್ಲಿ ‘ಜೆರುಸಲೇಮ್’ ಹಾಡಿದಾಗ ಬ್ಲೇಕ್ ಕವಿಯ ಸಾಹಿತ್ಯವೂ 1916ರಲ್ಲಿ ಪ್ಯಾರಿ ಹಾಕಿದ ಸ್ವರವೂ ಉಳಿದುಕೊಂಡವು, ಬದಲಾದದ್ದು ವಾದ್ಯಮೇಳ. ಕ್ಯಾಟ್ ಸ್ಟೀವನ್ಸ್ 1971ರಲ್ಲಿ ಹಾಡಿದ ‘ಮಾರ್ನಿಂಗ್ ಹ್ಯಾಸ್ ಬ್ರೋಕನ್’ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಆದರೆ ಎಲಿನರ್ ಫಾರ್ಜನ್ ಅದನ್ನು 1931ರಲ್ಲಿ ಬರೆದದ್ದೇ ‘ಬನೆಸನ್’ ಎಂಬ ಹಳೆಯ ಗೇಲಿಕ್ ಧಾಟಿಗೆ. ಅಂದರೆ ಮೂಲವೆಂದು ನಾವು ಭಾವಿಸುವ ಸ್ತುತಿಗೀತೆಯೇ ಎರವಲು ಮಟ್ಟಿನದು!

‘ಅಮೇಜಿಂಗ್ ಗ್ರೇಸ್’ ಎಂಬ ಸ್ತುತಿಗೀತೆಯ ಕಥೆ ಇನ್ನೂ ಸ್ವಾರಸ್ಯದ್ದು. 1779ರಲ್ಲಿ ಅಚ್ಚಾದಾಗ ಅದಕ್ಕೆ ಸ್ವರವೇ ಇರಲಿಲ್ಲ. ಈಗ ಎಲ್ಲರೂ ಗುನುಗುವ ಧಾಟಿ ಕೂಡಿಕೊಂಡದ್ದು 1835ರಲ್ಲಿ. ಸಾಲುಗಳ ಉಚ್ಚಾರಾಂಶದ ಲೆಕ್ಕ 8-6-8-6. ಈ ಅಳತೆಗೆ ಹೊಂದುವ ಬೇರೆ ಹಾಡಿನ ಧಾಟಿಗೂ ಅದನ್ನು ಕೂರಿಸಬಹುದು. ಹಾಗಾಗಿಯೇ 2001ರಲ್ಲಿ ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ ಎಂಬ ಭಕ್ತಿಗಾಯನದ ತಂಡ ಅದನ್ನು ‘ಹೌಸ್ ಆಫ್ ದ ರೈಸಿಂಗ್ ಸನ್’ ಧಾಟಿಯಲ್ಲಿ ಹಾಡಲು ಸಾಧ್ಯವಾಯಿತು. 1964ರಲ್ಲಿ ಆನಿಮಲ್ಸ್ ರಾಕ್ ತಂಡ ಮನೆಮಾತಾಗಿಸಿದ, ಬಾಳು ಹಾಳಾದ ಕಥೆಯ ಆ ಜನಪದ ಹಾಡಿನ ಮೇಲೆ ದೇವರ ಕೃಪೆಯ ಮಾತುಗಳು! ಭಾಮಿನಿ ಷಟ್ಪದಿಯ ಒಂದೇ ಪದ್ಯವನ್ನು ಗಮಕಿಗಳು ಬೇರೆ ಬೇರೆ ರಾಗಗಳಲ್ಲಿ ವಾಚಿಸುವುದನ್ನು ಕೇಳಿದವರಿಗೆ ಇದು ಅಚ್ಚರಿಯೇನಲ್ಲ.

ಈ ಕೊನೆಯ ಬಗೆಗೆ ‘ಧಾಟಿ ಬದಲಿಸಿ’ ಎಂದರೆ ಸಾಕು. ಯಕ್ಷಗಾನದವರ ‘ಮಟ್ಟು’ ಕೂಡ ಒಪ್ಪುತ್ತದೆ. ಮಾತು, ಧಾಟಿ ಎರಡನ್ನೂ ಮುಟ್ಟದೆ ಹಾಡನ್ನು ತನ್ನದಾಗಿಸಿಕೊಳ್ಳುವುದಕ್ಕೆ ಮಾತ್ರ ಪದ ಸಿಗುತ್ತಿಲ್ಲ. ‘ಮರುಹಾಡು’ ನಾಮಪದವಾಗಿ ನಿಲ್ಲುತ್ತದೆ. ‘ಮರುಹಾಡಿದರು’ ಎಂದೊಡನೆ ನಾಟಕದ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದಂತಾಗುತ್ತದೆ. ಕಂಪನಿ ನಾಟಕಗಳ ಹಾರ್ಮೋನಿಯಂ ಮಾಸ್ತರರ ಬಾಯಲ್ಲಿ ಇದಕ್ಕೊಂದು ಕ್ರಿಯಾಪದ ಇತ್ತೇ? ಕೇಳಿದವರಿದ್ದರೆ ಪ್ರಯೋಗದ ಸಮೇತ ತಿಳಿಸಿ.