ಶೆಫರ್ಡ್‌ಗೆ ಮೂರು ತಿಂಗಳಿಂದ ಭೇದಿ, ಕಾರಣ ಸಿಗುತ್ತಿಲ್ಲ

ಎರಡು ವರ್ಷದ ಜರ್ಮನ್ ಶೆಫರ್ಡ್ ನಾಯಿ. ತಟ್ಟೆ ನೆಕ್ಕಿ ನೆಕ್ಕಿ ತಿನ್ನುತ್ತಾನೆ, ಆದರೂ ಪಕ್ಕೆಲುಬು ಎಣಿಸಬಹುದು. ಜಂತುಹುಳದ ಮಾತ್ರೆ, ಮೊಸರನ್ನ, ಆಂಟಿಬಯೋಟಿಕ್ ಎಲ್ಲ ಆಯಿತು. ಮಲ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

↳ ಒಂದೇ ಸಲ ಸಾಲದು. ಜಿಯಾರ್ಡಿಯಾ ಅನ್ನೋ ಕರುಳಿನ ಪರಾವಲಂಬಿ ದಿನವೂ ಮಲದಲ್ಲಿ ಕಾಣುವುದಿಲ್ಲ, ಮೂರು ಬೇರೆ ಬೇರೆ ದಿನದ್ದು ಕೊಡಿ. ಬಣ್ಣ ಹೇಗಿದೆ?

↳ ಮಾಸಲು ಹಳದಿ ಸರ್, ರಾಶಿ ರಾಶಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ.

↳ ಹಾಗಾದ್ರೆ ಪ್ಯಾಂಕ್ರಿಯಾಸ್ ನೋಡಿಸಿ. ಈ ತಳಿಯಲ್ಲಿ ಇಪಿಐ ಜಾಸ್ತಿ, ಅಂದ್ರೆ ಪ್ಯಾಂಕ್ರಿಯಾಸ್ ಕೊಡುವ ಜೀರ್ಣದ ಕಿಣ್ವ ಸಾಲದೆ ತಿಂದದ್ದು ಜೀರ್ಣವಾಗದೆ ಹೊರಗೆ ಹೋಗುತ್ತೆ. ಟಿಎಲ್‌ಐ ಅನ್ನೋ, ಪ್ಯಾಂಕ್ರಿಯಾಸ್ ಕೆಲಸ ತೋರಿಸುವ ರಕ್ತಪರೀಕ್ಷೆ ಕೇಳಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಕರೆದುಕೊಂಡು ಹೋಗಿ, ಬಿ12 ಕೂಡ ನೋಡಿಸಿ. ನಮ್ಮ ಹೆಣ್ಣು ನಾಯಿಗೂ ಇದೇ ಆಗಿತ್ತು, ಈಗ ಪ್ರತಿ ಊಟಕ್ಕೂ ಕಿಣ್ವದ ಪುಡಿ ಕಲಸುತ್ತೇವೆ.

↳ ಆ ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣದಿದ್ದರೆ ಆಹಾರ ಬದಲಿಸಿ ನೋಡಿ. ಆದರೆ ಅಜ್ಜಿ ಕದ್ದು ಬಿಸ್ಕತ್ತು ಹಾಕಿದರೆ ಎಲ್ಲ ಸುಮ್ನೆ!