ಅಪ್‌ಡೇಟ್: ಲೇಸರ್ ಟೋಪಿ ಕೊಂಡು ಏಳು ತಿಂಗಳಾಯಿತು

ಕೂದಲು ಉದುರುವುದಕ್ಕೆ, ನೆತ್ತಿಗೆ ಕೆಂಪು ಬೆಳಕು ಬೀರುವ ಲೇಸರ್ ಟೋಪಿ ಕೊಳ್ಳಬಹುದೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಉದುರಲು ನಮ್ಮ ಬೋರ್‌ವೆಲ್ ನೀರೇ ಕಾರಣ ಎಂದೂ ದೂರಿದ್ದೆ. ದುಡ್ಡು ದಂಡ ಎಂದವರೇ ಹೆಚ್ಚು. ಆದರೂ ಕೊಂಡೆ.

ವಾರಕ್ಕೆ ಮೂರು ದಿನ, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ. ರಾಯಚೂರಿನ ಮೇ ತಿಂಗಳ ಸೆಕೆಯಲ್ಲಿ, ಕರೆಂಟು ಹೋದ ಕತ್ತಲಲ್ಲಿ, ತಲೆಯ ಮೇಲೆ ಕೆಂಪು ಬೆಳಕು ಹೊತ್ತು ಕೂತವನನ್ನು ಕಂಡು ಅವ್ವ ಒಮ್ಮೆ ಚೀರಿಯೇಬಿಟ್ಟಳು.

ನೆತ್ತಿಯ ನವಿರು ಕೂದಲು ತುಸು ದಪ್ಪವಾಗಿದೆ, ದಿಂಬಿನ ಮೇಲೆ ಉದುರುವುದು ಕಡಿಮೆಯಾಗಿದೆ. ಹಣೆಯ ಎರಡು ಮೂಲೆಗಳು ಮಾತ್ರ ನಮ್ಮ ಕೋಟೆ ಬೆಟ್ಟದ ಬಂಡೆಯಂತೆ ಬೋಳಾಗಿಯೇ ಇವೆ. ಸುಮಾರು 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಸೊರಗುತ್ತಿರುವ ಬೇರನ್ನು ಚುರುಕುಗೊಳಿಸಬಹುದು, ಸತ್ತದ್ದನ್ನು ಎಬ್ಬಿಸದು, ನಿಲ್ಲಿಸಿದರೆ ಲಾಭವೂ ಹೋಗುತ್ತದೆ ಎಂದರು ಚರ್ಮದ ವೈದ್ಯರು. ಜಾಹೀರಾತಿನವರು ಮೆರೆಸುವ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ) ಅನುಮತಿ 2007ರಲ್ಲಿ ಒಂದು ಲೇಸರ್ ಬಾಚಣಿಗೆಗೆ ಸಿಕ್ಕಿದ್ದು ನಿಜ. ಆದರೆ ಅದು ಹೊಸ ಔಷಧಿಗೆ ಕೊಡುವಷ್ಟು ಬಿಗಿಯಾದ ಒಪ್ಪಿಗೆಯಲ್ಲ.

ಇನ್ನೊಂದು ತಪ್ಪೊಪ್ಪಿಗೆ: ಮೂರನೇ ತಿಂಗಳಿಂದ ಕೂದಲು ಬೆಳೆಸುವ ಔಷಧಿ ಮಿನಾಕ್ಸಿಡಿಲ್ ಕೂಡ ಹಚ್ಚುತ್ತಿದ್ದೇನೆ. ಹಾಗಾಗಿ ಶ್ರೇಯಸ್ಸು ಯಾರದೆಂದು ದೇವರೇ ಬಲ್ಲ. ಬೋರ್‌ವೆಲ್ ನೀರಿನ ಮೇಲೆ ಹೊರಿಸಿದ್ದ ಆರೋಪವನ್ನು ವಾಪಸ್ ಪಡೆಯುತ್ತೇನೆ. ಕಾರಣ ತಿಳಿಯಲು ಗೋಡೆಯ ಮೇಲಿರುವ ಅಪ್ಪನ ಬೋಳುತಲೆಯ ಫೋಟೊ ನೋಡಿದರೆ ಸಾಕು.

ಟೋಪಿಯನ್ನು ಅರ್ಧ ಬೆಲೆಗೆ ಕೇಳುತ್ತಿರುವ ಭಾವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.